ಮೂವತ್ತೊಂದು ಚದರ ಮೀಟರ್

ರಾಂಡರ್ಸ್ ಊರಿನ ಸಂಜೆ ಶಾಲೆಯಲ್ಲಿ, ಮನೆಗೆ ಸ್ಪೀಕರ್ ಹೊಂದಿಸುವುದನ್ನು ಹೇಳಿಕೊಡುವ ಮಂಗಳವಾರದ ತರಗತಿಗೆ ಸೇರುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ವ್ಯಾಟಿನ ಆಂಪ್ಲಿಫೈಯರ್ ತಗೊಳ್ಳಲಿ? ಪಾಠ ಹೇಳುವ ಫ್ಲೆಮ್ಮಿಂಗನಿಗೆ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಕಾಲಿನ ಅಳತೆ ಹೇಳದೆ ಚಪ್ಪಲಿ ಕೊಡಿ ಎನ್ನುವ ಗಿರಾಕಿಗಳು ಎಂದು ಗೊಣಗಿ, ತಲೆಗೊಂದರಂತೆ ಚೌಕುಳಿ ಹಾಳೆ ಹಂಚುತ್ತಿದ್ದ. "ಮನೆಗೆ ಹೋಗಿ ಕೋಣೆ ಅಳೆದು ಬರ್ಕೊಂಡು ಬನ್ನಿ. ಬಾಗಿಲು, ಕಿಟಕಿ, ಸೋಫಾ, ನೀವು ಕೂರೋ ಜಾಗ, ಎಲ್ಲಾ. ಆಮೇಲೆ ವ್ಯಾಟಿನ ಮಾತು."

ಅವನ ಸ್ವಂತ ಕೋಣೆ ಹನ್ನೆರಡು ಚದರ ಮೀಟರ್. ಮೂರು ವರ್ಷದ ಹಿಂದೆ ಹೆಂಡತಿ ಮೆರೆತೆಯಿಂದ ಬೇರೆಯಾಗಿ ಅಲ್ಲಿಗೆ ಬರುವಾಗ, ತಾನೇ ಗರಗಸ ಹಿಡಿದು ಕಟ್ಟಿದ್ದ ಎದೆಮಟ್ಟದ ಎರಡು ಸ್ಪೀಕರ್‌ಗಳನ್ನು ಅವಳ ಮನೆಯಲ್ಲೇ ಬಿಟ್ಟಿದ್ದ. "ಚಿಕ್ಕ ಕೋಣೆ, ಕೆಳಸ್ವರ ಬರೀ ಗುಂಯ್ ಅನ್ನುತ್ತೆ" ಎಂದು ಕಾರಣ ಹೇಳಿದ್ದ. ಕಾರಣ ನಿಜವೇ. ಆದರೆ ಆ ಡಬ್ಬಿಗಳು ಆ ಮನೆಯಲ್ಲಿ ನಿಂತಿರುವಷ್ಟು ದಿನ ತನಗೂ ಅಲ್ಲಿ ಒಂದು ಜಾಗವಿದೆ, ಒಂದಲ್ಲ ಒಂದು ದಿನ ಅವಳು ಬಾ ಎನ್ನುತ್ತಾಳೆ ಎಂದು ಅವನು ಒಳಗೊಳಗೇ ನಂಬಿದ್ದ. ನಲವತ್ತಾರು ವರ್ಷದ ಗಂಡಸು ಮರದ ಎರಡು ಡಬ್ಬಿಗಳನ್ನು ನೆಚ್ಚಿಕೊಂಡಿದ್ದನೆಂದರೆ ನಗು ಬರಬಹುದು. ನಗಬೇಡಿ. ನಾವೆಲ್ಲ ಅದಕ್ಕಿಂತ ಹಗುರವಾದುದನ್ನೇ ನೆಚ್ಚಿಕೊಂಡು ಕೂತವರು.

ನವೆಂಬರಿನ ಆ ಮಂಗಳವಾರ ಕೇಕ್ ತರುವ ಸರದಿ ಅಗ್ನೆತೆಯದು. ಅಂಚೆ ಹಂಚಿ ನಿವೃತ್ತಳಾದ ಮುದುಕಿ. ಸೇಬಿನ ಕೇಕನ್ನೂ ಕೋಣೆಯ ಚಿತ್ರವನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟಳು. "ಹದಿನಾಲ್ಕು ಚದರ ಮೀಟರ್. ಇನ್ನೂರು ವ್ಯಾಟಿಗಿಂತ ಕಮ್ಮಿ ತಗೋಬೇಡ ಅಂದಿದಾನೆ ನನ್ನಳಿಯ."

"ನಿಮ್ಮಳಿಯ ನಿಮ್ಮ ಮನೆ ಯಾವಾಗ ಕೈಗೆ ಬರುತ್ತೋ ಅಂತ ಕಾಯ್ತಿರ್ಬೇಕು," ಎಂದ ಫ್ಲೆಮ್ಮಿಂಗ್. "ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಯಾಕೆ? ಪುಟ್ಟ ಸ್ಪೀಕರ್ ಎರಡು, ಇಪ್ಪತ್ತು ವ್ಯಾಟ್, ಮುಗೀತು. ವ್ಯಾಟ್ ಎರಡರಷ್ಟು ಮಾಡಿದ್ರೆ ಸದ್ದು ಎರಡರಷ್ಟಾಗಲ್ಲ ಅಜ್ಜಿ, ಒಂಚೂರು ಏರುತ್ತೆ ಅಷ್ಟೆ."

"ಅಜ್ಜಿ ಅಂದೋರಿಗೆ ಕೇಕಿಲ್ಲ," ಎಂದಳು ಅಗ್ನೆತೆ. ತರಗತಿ ನಕ್ಕಿತು.

ಆಮೇಲೆ ಆಸ್ಗರ್ ತನ್ನ ಹಾಳೆ ಹರಡಿದ. ಗಾಳಿಯಂತ್ರಗಳ ರಿಪೇರಿ ಮಾಡುವವನು, ಮೂವತ್ತೈದರ ಆಸುಪಾಸು, ಹೋದ ವಾರವಷ್ಟೇ ಸೇರಿದ್ದ. ಉದ್ದ ಆರು ಪಾಯಿಂಟ್ ಎರಡು, ಅಗಲ ಐದು, ಒಟ್ಟು ಮೂವತ್ತೊಂದು. ಕಬ್ಬಿಣದ ಒಲೆಯ ಹಿಂದೆ ಚಿಮಣಿಯಿಂದಾಗಿ ಗೋಡೆ ಓರೆ. ತೋಟದ ಬಾಗಿಲ ಬಳಿ ಒಂದು ಮೆಟ್ಟಿಲು ತಗ್ಗು. ಅದನ್ನೂ ಸೆಂಟಿಮೀಟರಿನಲ್ಲಿ ಬರೆದಿದ್ದ.

ಫ್ಲೆಮ್ಮಿಂಗ್ ಹಾಳೆಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡ. ಆ ಮೆಟ್ಟಿಲನ್ನು ಅವನು ಹನ್ನೊಂದು ವರ್ಷ ಕಣ್ಣುಮುಚ್ಚಿ ಇಳಿದಿದ್ದ.

"ಸ್ಪೀಕರ್ ಯಾವ ಕಂಪನಿದು?" ಎಂದು ಕೇಳಿದ, ಗೊತ್ತಿದ್ದೂ.

"ಕಂಪನಿ ಏನಿಲ್ಲ, ಕೈಯಲ್ಲೇ ಕಟ್ಟಿದ್ದು. ನನ್ನ ಹುಡುಗಿ ಜೊತೆ ಮುಂಚೆ ಒಬ್ಬನಿದ್ನಲ್ಲ, ಅವನು. ಅವಳು ಅವನನ್ನ ಬಾಮ್ಸೆ ಅಂತಾಳೆ. ಮಕ್ಕಳಾಡೋ ಕರಡಿ ನೋಡಿ, ಅದು. ನಿಜವಾದ ಹೆಸರು ಅವಳೂ ಹೇಳಿಲ್ಲ, ನಾನೂ ಕೇಳಿಲ್ಲ."

"ಒಳ್ಳೇದೇ ಮಾಡ್ದೆ. ಹಳೇ ಗಂಡಂದಿರನ್ನ ಕೆದಕಬಾರ್ದು," ಎಂದಳು ಅಗ್ನೆತೆ.

ಬಾಮ್ಸೆ. ಮೂರು ವರ್ಷದಿಂದ ಯಾರೂ ಹಾಗೆ ಕರೆದಿರಲಿಲ್ಲ. ಅದನ್ನು ಮತ್ತೆ ಕೇಳಬೇಕೆಂದು ಅವನು ಎಷ್ಟು ಹಂಬಲಿಸಿದ್ದ. ಕೇಳಿದ್ದು ಮಾತ್ರ ಈ ಬಾಯಿಂದ.

"ನನ್ನ ಹತ್ರ ಇರೋದು ಇಪ್ಪತ್ತು ವ್ಯಾಟಿಂದು," ಎಂದು ಆಸ್ಗರ್ ಮುಂದುವರಿಸಿದ. "ಪೂರ್ತಿ ತಿರುಗಿಸಿದ್ರೆ ಸದ್ದು ಒಡೆದು ಕರಕರ ಅನ್ನುತ್ತೆ."

"ತಿರುಗಿಸ್ಬೇಡ," ಎಂದ ಫ್ಲೆಮ್ಮಿಂಗ್, ಧ್ವನಿ ಬೇಕಾದ್ದಕ್ಕಿಂತ ಗಡುಸಾಯಿತು. "ಶಕ್ತಿ ಜಾಸ್ತಿಯಾದ್ರೇನೆ ಸ್ಪೀಕರ್ ಸುಡುತ್ತೆ ಅಂತ ಎಲ್ಲರೂ ತಿಳ್ಕೊಂಡಿದಾರೆ. ಎಷ್ಟೋ ಸಲ ಸುಡೋದು ಶಕ್ತಿ ಸಾಲದೆ ಒದ್ದಾಡೋ ಆಂಪ್ಲಿಫೈಯರ್‌ನಿಂದ."

"ಹಂಗಾದ್ರೆ ಎಂಬತ್ತು ವ್ಯಾಟಿಂದು ತರ್ಲಾ? ಇಲ್ಲ ಡಬ್ಬಿಗಳನ್ನೇ ತೆಗೆದು ಚಿಕ್ಕವು ತರ್ಲಾ? ಎರಡು ವಾರದಿಂದ ಇದೇ ಮಾತು ನಮ್ಮನೇಲಿ. ಕೊನೆಗೆ ಮೆರೆತೇನೆ ಅಂದ್ಲು, ಸಂಜೆ ಶಾಲೇಲಿ ಒಬ್ಬರಿದಾರೆ, ಹೋಗಿ ಅವರನ್ನೇ ಕೇಳು, ಅವರು ಹೇಳಿದ ಹಾಗೇ ಮಾಡೋಣ ಅಂತ."

ಹಾಗಾದರೆ ಅವಳೇ ಕಳಿಸಿದ್ದಳು. ಎದುರು ನಿಂತು ಹೇಳಲಾಗದ್ದನ್ನು ಚೌಕುಳಿ ಹಾಳೆಯಲ್ಲಿ ಬರೆಸಿ ಕಳಿಸಿದ್ದಳು. ಏನು ಹೇಳಬೇಕೆಂದಿದ್ದಳು ಎಂದು ಅವನು ಹಾಳೆಯ ಮೇಲೆ ಕಣ್ಣಾಡಿಸಿದ. ಬಲಗಡೆಯ ಸ್ಪೀಕರಿನ ಪಕ್ಕ, ಪೆನ್ಸಿಲಿನಲ್ಲಿ, ಒಂದು ಪುಟ್ಟ ಆಯತ.

"ಇದೇನು?"

"ತೊಟ್ಟಿಲು," ಎಂದ ಆಸ್ಗರ್, ಮುಖವೆಲ್ಲ ನಗುವಾಗಿ. "ಮಾರ್ಚಿಗೆ."

ಎಲ್ಲರೂ ಅವನ ಬೆನ್ನು ತಟ್ಟಿದರು. ಫ್ಲೆಮ್ಮಿಂಗನೂ ತಟ್ಟಿದ. ಮಗುವಿಗಾಗಿ ಆರು ವರ್ಷ ಆಸ್ಪತ್ರೆ ಅಲೆದು, ಎರಡು ಸಲ ಬಸಿರು ಕಳೆದುಕೊಂಡು, ಕಡೆಗೆ ಒಬ್ಬರ ಮುಖ ಒಬ್ಬರು ನೋಡಲಾರದೆ ಬೇರೆಯಾದವರು ಅವನೂ ಮೆರೆತೆಯೂ. ಅವಳಿಗೆ ಒಳ್ಳೆಯದಾಯಿತು ಎಂದು ಸಂತೋಷಪಡಲು ನೋಡಿದ. ಆಗಲಿಲ್ಲ.

ಎಂಬತ್ತು ವ್ಯಾಟಿನದು ತಾ ಎಂದಿದ್ದರೆ ಅದು ಪೂರಾ ಸುಳ್ಳಾಗುತ್ತಿರಲಿಲ್ಲ. ಆ ಸ್ಪೀಕರ್‌ಗಳನ್ನು ಆ ಮೂವತ್ತೊಂದು ಚದರ ಮೀಟರಿಗೆಂದೇ ಅಳೆದು ಕಟ್ಟಿದ್ದ. ತೊಟ್ಟಿಲನ್ನು ಆಚೆ ಗೋಡೆಗೆ ಸರಿಸು ಎಂದರಾಯಿತು, ಅವನ ಡಬ್ಬಿಗಳು ನಿಂತಲ್ಲೇ ನಿಂತಿರುತ್ತಿದ್ದವು. ತರಗತಿಯಲ್ಲಿ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾದರೂ ಮಾತು ಕೊಟ್ಟಿದ್ದಾಳಲ್ಲ, ಸುಮ್ಮನಿರುತ್ತಿದ್ದಳು.

ಅವನು ಕಾಫಿ ಒಂದು ಗುಟುಕು ಕುಡಿದ.

"ಕೋಣೆ ಅಷ್ಟೇ ಇದ್ರೂ ಕೇಳೋರು ಬದಲಾದ್ರೆ ಲೆಕ್ಕ ಬದಲಾಗುತ್ತೆ," ಎಂದ. "ಮಗು ಮಲಗಿರೋ ಕಡೆ ಯಾರೂ ಜೋರಾಗಿ ಕೇಳಲ್ಲ. ಸೋಫಾ ಒಲೆ ಹತ್ರ ಎಳ್ಕೋ. ಎರಡು ಮೀಟರ್ ದೂರದಲ್ಲಿ ಚಿಕ್ಕ ಸ್ಪೀಕರ್ ಇಡು, ಗೋಡೆಯಿಂದ ಒಂದು ಗೇಣು ಮುಂದೆ. ಅಷ್ಟು ಹತ್ತಿರಕ್ಕೆ ನಿನ್ನ ಇಪ್ಪತ್ತು ವ್ಯಾಟ್ ಧಾರಾಳ ಆಯ್ತು. ದೊಡ್ಡವನ್ನ ತೆಗೆದುಬಿಡು."

"ಬೇಜಾರಾಗುತ್ತೆ. ತುಂಬಾ ಚೆನ್ನಾಗಿ ಮಾಡಿದಾನೆ ಆ ಪುಣ್ಯಾತ್ಮ."

"ಮುಂದಿನ ವಾರ ಇಲ್ಲಿಗೆ ತಂದ್ಬಿಡು. ಶಾಲೆಗಿರ್ಲಿ."

ತರಗತಿ ಮುಗಿದು ಎಲ್ಲರೂ ಹೊರಟರು. ಲೋಟ ತೊಳೆಯಲು ನಿಂತವನು ಆಸ್ಗರನೇ. ಒಂದು ಕೈಯಲ್ಲಿ ಫೋನ್ ಕಿವಿಗಿಟ್ಟುಕೊಂಡಿದ್ದ. "ಹೂಂ, ಕೇಳ್ದೆ. ಚಿಕ್ಕವು ಸಾಕಂತೆ. ದೊಡ್ಡವನ್ನ ತೆಗೆದುಬಿಡು ಅಂದ್ರು. ಹೂಂ, ಅವರೇ ಹೇಳಿದ್ದು. ತೊಟ್ಟಿಲಿನ ವಿಷ್ಯಾನೂ ಹೇಳ್ದೆ."

ಆಮೇಲೆ ಆಸ್ಗರ್ ನಲ್ಲಿ ನಿಲ್ಲಿಸಿ ಫೋನನ್ನು ಕಿವಿಗೆ ಒತ್ತಿಕೊಂಡ. ಫ್ಲೆಮ್ಮಿಂಗ್ ಬೆನ್ನು ತಿರುಗಿಸಿ, ಒಣಗಿದ ಲೋಟವನ್ನೇ ಒರೆಸುತ್ತಿದ್ದ.

"ನಿಮಗೆ ಥ್ಯಾಂಕ್ಸ್ ಹೇಳು ಅಂತಿದಾಳೆ," ಎಂದ ಆಸ್ಗರ್ ಫೋನನ್ನು ಎದೆಗೆ ಒತ್ತಿಕೊಂಡು. ಮುಖ ಗಾಬರಿಯಾಗಿತ್ತು. "ಅಳ್ತಿದಾಳೆ ಕಣ್ರಿ. ಸ್ಪೀಕರ್ ವಿಷ್ಯಕ್ಕೆ ಯಾರಾದ್ರೂ ಅಳ್ತಾರಾ? ಬಸುರೀಲಿ ಹೀಗೇನಾ?"

"ಹೀಗೇ," ಎಂದ ಫ್ಲೆಮ್ಮಿಂಗ್. "ಲೋಟ ನಾನು ತೊಳೀತೀನಿ. ನೀನು ಬೇಗ ಮನೆಗೆ ಹೋಗು."