ಐದನೇ ಜಾಗ

ಲಾಡ್ಜ್ ಮಾಲೀಕ ಹಾಳೆ, ಪೆನ್ನು ತಂದು ಮುಂದಿಟ್ಟ. "ನಲವತ್ತು ವರ್ಷ ಈ ಬೆಟ್ಟ ಸುತ್ತಿದೀರ, ಅಣ್ಣ. ನಿಮಗಿಷ್ಟದ ಐದು ಜಾಗ, ದಾರಿ ಸಮೇತ ಬರ್ಕೊಡಿ. ಪ್ರಿಂಟ್ ಮಾಡ್ಸಿ ರೂಮಿಗೊಂದು ಇಡ್ತೀನಿ."

ಹೊಗಳಿದರೆ ಉಬ್ಬಿಹೋಗುವ ಜಾತಿ ನಾನು. ನಾಲ್ಕು ಜಾಗ ಎಲ್ಲರೂ ಬಲ್ಲಂಥವು. ಐದನೆಯದು ಮಾತ್ರ ನನ್ನದು. ಕಣಿವೆಯ ಮೇಲೆ ಚಾಚಿದ ಬಂಡೆ. ಅಲ್ಲಿ ಕೂತರೆ ಹಾರುವ ಹದ್ದುಗಳ ಬೆನ್ನು ಕಾಣುತ್ತದೆ. "ಬೋಳು ಬಿಳಿ ಮರದ ಹತ್ತಿರ ಎಡಕ್ಕೆ ತಿರುಗಿ" ಎಂದು ಬರೆದೆ.

ಹೆಂಡತಿ ಓದಿದಳು. "ಮಂಡಿ ಹೋದ್ಮೇಲೆ ನೀವು ಅಲ್ಲಿಗೆ ಹತ್ತೇ ಇಲ್ವಲ್ರೀ. ಮೂರು ವರ್ಷ ಆಯ್ತು."

"ಬೆಟ್ಟ ಎಲ್ಲಿಗೂ ಓಡಿಹೋಗಲ್ಲ ಕಣೇ, ಸುಮ್ನಿರು."

ನನ್ನ ಮಂಡಿಯ ಸಂಗತಿ ಊರಿಗೆ ಗೊತ್ತಿರಲಿಲ್ಲ. ದಿನಾ ಬೂಟು ತೊಟ್ಟು ಹೊರಟು, ಮೊದಲ ತಿರುವಿನಾಚೆ ಸುಮ್ಮನೆ ಕೂತು, ಸಂಜೆ ಬೂಟಿಗೆ ಮಣ್ಣು ಮೆತ್ತಿಕೊಂಡು ಬರುತ್ತಿದ್ದೆ. ಥೂ, ಎಂಥ ನಾಟಕ!

ಒಂದು ಬೆಳಿಗ್ಗೆ, ರಜೆಗೆ ಬಂದು ಲಾಡ್ಜಿನಲ್ಲಿ ಇಳಿದಿದ್ದ ಟೀಚರಮ್ಮ ಹಾಳೆ ಬೀಸುತ್ತ ಹೊರಟರು. "ಅಂಕಲ್, ನಿಮ್ಮ ಐದನೇ ಜಾಗಕ್ಕೆ!"

ಸಂಜೆಯಾದರೂ ಬರಲಿಲ್ಲ. ಹುಡುಕುವ ತಂಡದ ಮುಖ್ಯಸ್ಥ ಲಾಡ್ಜಿನಲ್ಲಿ ಎಲ್ಲರೆದುರು ಕೇಳಿದ: "ಕೊನೇ ಸಲ ಯಾವಾಗ ಹೋಗಿದ್ರಿ? ಮರ ಇದೆ ತಾನೇ?"

ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

"ಹೋದ ತಿಂಗಳು. ಗಟ್ಟಿಯಾಗಿ ನಿಂತಿದೆ" ಎಂದೆ.

"ಹಾಗಾದ್ರೆ ಎಡಕ್ಕೇ ತಿರುಗಿರ್ತಾರೆ. ಬಂಡೆ ಕೆಳಗೇ ಹುಡುಕೋಣ." ಕಾಲುದಾರಿ ಬಿಟ್ಟು, ಹಿಂಬದಿಯ ರಸ್ತೆಯಿಂದ ಜೀಪಿನಲ್ಲಿ ಬಂಡೆಯ ಬುಡಕ್ಕೆ ಹೋದರು. ಕತ್ತಲಾಗುವವರೆಗೂ ಹುಡುಕಿ ಬರಿಗೈಲಿ ಬಂದರು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಮರುದಿನ ಕಾಲುದಾರಿಯಲ್ಲೇ ಹೋದರು. ಗುಡ್ಡ ಜರಿದು ಮರ ಉರುಳಿತ್ತು, ಎಡಕ್ಕಿದ್ದ ದಾರಿಯೂ ಮಣ್ಣುಪಾಲಾಗಿತ್ತು. ಟೀಚರಮ್ಮ ಸ್ವಲ್ಪ ಕೆಳಗೇ ಸಿಕ್ಕಿದರು. "ಕಾಲಷ್ಟೇ ಮುರಿದಿತ್ತು. ಜೀವ ಹೋಗಿದ್ದು ಚಳಿಗೆ, ಬೆಳಗಿನ ಜಾವ" ಎಂದರು ಡಾಕ್ಟರು.

ಟೀಚರಮ್ಮನ ಜೇಬಿನಲ್ಲಿದ್ದ ಹಾಳೆಯನ್ನು ಮುಖ್ಯಸ್ಥ ಮೇಜಿನ ಮೇಲೆ ಹರಡಿದ. ನನ್ನ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ದುಂಡಗೆ ಬರೆದಿದ್ದರು: "ಮರ ಬಿದ್ದಿದೆ, ದಾರಿ ಇಲ್ಲ. ಯಾರಾದರೂ ಜಾರಿಬಿದ್ದಾರು. ಅಂಕಲ್‌ಗೆ ಹೇಳಬೇಕು."

"ಮೊನ್ನೆಮೊನ್ನೆ ಬಿದ್ದಿರ್ಬೇಕು" ಎಂದ ಲಾಡ್ಜ್ ಮಾಲೀಕ, ನನ್ನ ಮಾನ ಉಳಿಸಲು.

"ಅದರ ಮೇಲೆ ಎದೆಮಟ್ಟ ಗಿಡ ಬೆಳೆದಿದೆ" ಎಂದ ಮುಖ್ಯಸ್ಥ.

"ನಾನು ಹತ್ತಿ ಮೂರು ವರ್ಷ ಆಯ್ತು, ಸಾರ್" ಎಂದೆ. ನಿನ್ನೆ ಸಂಜೆ ಇಷ್ಟೇ ಹೇಳಿದ್ದರೆ ಅವರು ಬದುಕುತ್ತಿದ್ದರು.