ಕುಬೇರಪ್ಪನ ಕೊಂಡಿ

ಗಂಗಾವತಿಯ ಮುದಿ ಗಾಡಿಗಳ ವೈರಿಂಗನ್ನೆಲ್ಲ ಬಿಚ್ಚಿ ಕಟ್ಟಿದ್ದ ಮಕ್ಬುಲಸಾಬ, ಜೀವದ ಗೆಳೆಯ ಕುಬೇರಪ್ಪನ ಬಾಡಿಗೆ ಫಿಯಾಟ್ ಕಾರಿನ ಒಂದೇ ಒಂದು ವೈರನ್ನು ಮಾತ್ರ ಮುಟ್ಟಿರಲಿಲ್ಲ. ಮುಟ್ಟಿರಲಿಲ್ಲ ಅನ್ನುವುದಕ್ಕಿಂತ ಕುಬೇರಪ್ಪ ಮುಟ್ಟಗೊಟ್ಟಿರಲಿಲ್ಲ ಅನ್ನಬೇಕು.

ಅದು ಚಾವಿಯಿಂದ ಇಗ್ನಿಷನ್ ಕಾಯಿಲ್‌ಗೆ ಹೋಗುವ ವೈರು. ಅದರಲ್ಲಿ ಕರೆಂಟ್ ಹೋದರೆ ಪ್ಲಗ್ಗಿನಲ್ಲಿ ಕಿಡಿ, ಕಿಡಿ ಬಿದ್ದರೆ ಇಂಜಿನ್ನು. ಹರೆಯದಲ್ಲಿ ಒಮ್ಮೆ ಕುಬೇರಪ್ಪ ಹೆರಿಗೆ ಬೇನೆ ಎದ್ದ ಹೆಣ್ಣುಮಗಳೊಬ್ಬಳನ್ನು ಕೂಡಿಸಿಕೊಂಡು ಕುಷ್ಟಗಿಯಿಂದ ಹೊರಟಾಗ, ನಡುದಾರಿಯಲ್ಲಿ ಆ ವೈರು ಡ್ಯಾಶ್‌ಬೋರ್ಡಿನ ಕೆಳಗೆ ಹರಿಯಿತು. ಹಿಂದಿನ ಸೀಟಿನಲ್ಲಿ ಆಕೆ ಚೀರುತ್ತಿದ್ದಳು. ಕುಬೇರಪ್ಪ ಕೈಹಾಕಿ, ವೈರಿನ ಒಂದು ತುದಿಯನ್ನು ಬಳೆಯಂತೆ, ಇನ್ನೊಂದನ್ನು ಕೊಕ್ಕೆಯಂತೆ ಬಾಗಿಸಿ, ಒಂದಕ್ಕೊಂದು ಸಿಗಿಸಿದ. ಗಾಡಿ ಎದ್ದಿತು. ಕೂಸು ಕೊಪ್ಪಳದ ದವಾಖಾನೆಯಲ್ಲೇ ಹುಟ್ಟಿತು.

ಅಂದಿನಿಂದ ಅದೇ ಕೊಂಡಿ ಕಾಯಂ ಆಯಿತು. ಗಾಡಿ ಹೊರಡಿಸುವಾಗ ಎಡಗೈಯ ಹೆಬ್ಬೆರಳು, ತೋರುಬೆರಳು ಜೋಡಿಸಿ ಕೆಳಗೆ ಒಯ್ದು ಕೊಂಡಿ ಸಿಗಿಸುವುದು; ಸಂಜೆ ಮನೆ ಮುಂದೆ ನಿಲ್ಲಿಸಿದ ಮೇಲೆ ಬಿಚ್ಚುವುದು. ಒಮ್ಮೆ ಯಲಬುರ್ಗಾದಲ್ಲಿ ಉಳಿದಾಗ, ಬಿಚ್ಚಿಟ್ಟ ಕೊಂಡಿಯ ಗುಟ್ಟು ತಿಳಿಯದ ಒಬ್ಬ ಕಳ್ಳ ಬಾಗಿಲು ತೆಗೆದು ರಾತ್ರಿಯೆಲ್ಲ ಹೆಣಗಿ, ಕಡೆಗೆ ತನ್ನ ಒಂದು ಚಪ್ಪಲಿಯನ್ನೂ ಬಿಟ್ಟು ಓಡಿದ್ದ. ಆ ಚಪ್ಪಲಿಯನ್ನು ಕುಬೇರಪ್ಪ ಡಿಕ್ಕಿಯಲ್ಲಿಟ್ಟುಕೊಂಡು ಹತ್ತಿದ ಪ್ಯಾಸೆಂಜರಿಗೆಲ್ಲ ತೋರಿಸಿದ.

"ಲೇ, ನನ್ನ ಮಾನ ಕಳೀಬ್ಯಾಡೋ," ಎಂದು ಮಕ್ಬುಲಸಾಬ ಹಲ್ಲುಗಿಂಜುತ್ತಿದ್ದ. "ಇಲೆಕ್ಟ್ರಿಷಿಯನ್ ದೋಸ್ತ್ ಇದ್ದೂ ತಂತಿ ಸಿಗಿಸಿ ಗಾಡಿ ಹೊಡಿತಾನ ಅಂತ ಸ್ಟ್ಯಾಂಡಿನ್ಯಾಗ ನಗ್ತಾರ. ಅರ್ಧ ತಾಸಿನ ಕೆಲಸ. ಕೊಡು ಇಲ್ಲಿ."

"ಮುಟ್ಟಿದ್ರ ನೋಡು ಮಗನ! ಗಾಡಿಗೆ ಚಾವಿ ಯಾರರ ಮಾಡಿಸ್ಕೊಬೌದು. ಇದು ನನ್ನ ಬೆರಳಿಗಷ್ಟ ಗೊತ್ತು."

ಹೋದ ಶಿವರಾತ್ರಿಗೆ ಕುಬೇರಪ್ಪನಿಗೆ ಲಕ್ವಾ ಹೊಡೆಯಿತು. ಬಲಗಡೆ ಬಿದ್ದುಹೋಯಿತು, ಮಾತೂ ನಿಂತಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಹೆಂಡತಿ ಭೀಮಕ್ಕ ಮಕ್ಬುಲಸಾಬನ ಅಂಗಡಿಗೆ ಬಂದು ಟೈರಿನ ಮೇಲೆ ಕುಳಿತಳು.

"ಅಣ್ಣಾ, ಎಡಗೈ ಪೂರಾ ಛಲೋ ಐತಿ ಅಂತಾರ ಡಾಕ್ಟರು. ಇವರು ಅದನ್ನೂ ಎತ್ತವಲ್ರು. ತುತ್ತು ನಾನ ಹಾಕ್ಬೇಕು. ಅವರಿಗ ಮನಸ್ಸಾಗಬೇಕಮ್ಮ, ಹಂಗ ಬಿಟ್ರ ಆ ಕೈನೂ ಹೊಕ್ಕೈತಿ ಅಂದ್ರು. ಅವರ ಮನಸ್ಸು ಎಲ್ಲೈತಿ ಅಂತ ನನಗೇನು ಗೊತ್ತಿಲ್ಲೇನು? ತಗಡಿನ ಶೆಡ್ಡಿನ್ಯಾಗ ಐತಿ. ಗಾಡಿ ಒಂದು ಚಾಲೂ ಮಾಡಿಕೊಡು. ಒಳಗ ಕುಂತ್ರ ಕೈ ತಾನ ಏಳತೈತಿ."

"ಇಷ್ಟಕ್ಕ ಯಾಕ ಅಳ್ತಿ ತಂಗೆವ್ವ? ಹೊಸಾ ಕಾರ್ ಮಾಡಿಕೊಡ್ತೀನಿ ನೋಡು," ಎಂದ ಮಕ್ಬುಲಸಾಬ. ಹಾಗೆ ಅನ್ನಬಾರದಿತ್ತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡನೋ.

ಮರುದಿನ ಮುಂಜಾನೆ ಹೋಗಿ ಬಾನೆಟ್ ಎತ್ತಿದರೆ, ಹೇಳಬಾರದ ಅವಸ್ಥೆ. ಅಕ್ಕಿ ಗಿರಣಿ ಹಿಂದಿನ ಓಣಿ ಅಂದಮೇಲೆ ಇಲಿಗಳ ಮಾತು ಕೇಳಬೇಕೆ? ತೌಡು ತಿಂದು ಬೇಸತ್ತವು ಬಂದು ವೈರು ತಿಂದಿದ್ದವು. ಇಲಿ ಬಿಟ್ಟದ್ದನ್ನು ವಯಸ್ಸು ತಿಂದಿತ್ತು. ಬೆರಳು ತಾಗಿದರೆ ವೈರಿನ ಮೇಲಿನ ರಬ್ಬರು ಹಪ್ಪಳದಂತೆ ಉದುರುತ್ತಿತ್ತು. ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಿಡಿದಾಗ ಕಂಡಿತು ಕೊಂಡಿ. ಬೆರಳು ತಾಗಿ ತಾಗಿ ತಾಮ್ರ ಮೂಗುತಿಯಂತೆ ಹೊಳೆಯುತ್ತಿತ್ತು. ಅದನ್ನು ಮಾತ್ರ ಇಲಿ ಮುಟ್ಟಿರಲಿಲ್ಲ. ಮೂಸಿ ನೋಡಿದ, ನಶ್ಯದ ಘಾಟು. ದಿನಕ್ಕೊಂದು ಡಬ್ಬಿ ನಶ್ಯ ಏರಿಸುತ್ತಿದ್ದ ಬೆರಳುಗಳಲ್ಲವೆ!

ಕುಬೇರಪ್ಪನನ್ನು ಬೇವಿನ ಗಿಡದ ನೆರಳಿನಲ್ಲಿ ಕುರ್ಚಿ ಹಾಕಿ ಕೂಡಿಸಿದ್ದರು. ಮಕ್ಬುಲಸಾಬ ವೈರು ಕತ್ತರಿಸುವ ಪಕ್ಕಡ ಕೈಗೆತ್ತಿಕೊಂಡು ಅವನತ್ತ ತಿರುಗಿ ಹುಬ್ಬು ಹಾರಿಸಿದ.

"ಈಗ ಏನಂತಿ ಲೇ ಕುಬೇರಾ? ಬ್ಯಾಡ ಅನ್ನು ನೋಡೋಣು!"

ಕುಬೇರಪ್ಪನ ಗಂಟಲಿನಿಂದ "ಆ... ಆ..." ಎಂದು ಸದ್ದು ಹೊರಟಿತು. ತೊಡೆಯ ಮೇಲಿನ ಎಡಗೈ ಅಲುಗಿತು, ಎದ್ದಿತು, ಎದೆಮಟ್ಟ ಬಂತು. ಹೆಬ್ಬೆರಳೂ ತೋರುಬೆರಳೂ ಚಿಟಿಕೆಯಂತೆ ಕೂಡಿಕೊಂಡವು.

"ಅಯ್ಯ ಶಿವನ! ಎತ್ತಿದ್ರು ಅಣ್ಣಾ, ಕೈ ಎತ್ತಿದ್ರು!" ಭೀಮಕ್ಕ ಕೈಯಲ್ಲಿದ್ದ ಮೊರ ಬಿಟ್ಟು ಓಡಿಬಂದಳು. "ಏನು ಬೇಕ್ರಿ? ಯಪ್ಪಾ, ನಶ್ಯಾ ಕೇಳಾಕತ್ಯಾರ! ಉಣ್ಣಾಕ ಏಳಲಿಲ್ಲ, ನೀರಿಗೆ ಏಳಲಿಲ್ಲ, ಹಾಳ್ ನಶ್ಯಾಕ್ಕ ಎದ್ದೈತಿ ನೋಡು ಕೈ!"

"ನಶ್ಯಾ ಬಂದ್ ಮಾಡ್ಯಾರೋ ಡಾಕ್ಟರು," ಮಕ್ಬುಲಸಾಬ ನಕ್ಕ. "ಗಾಡಿ ಚಾಲೂ ಆಗ್ಲಿ, ಈಕಿ ಕಣ್ಣು ತಪ್ಪಿಸಿ ಒಂದು ಚಿಟಿಕಿ ನಾನ ಕೊಡ್ತೀನಿ."

ಚಿಟಿಕೆ ಮತ್ತೂ ಮತ್ತೂ ಗಾಳಿಯಲ್ಲಿ ಆಡಿತು. ಇಬ್ಬರೂ ಮತ್ತಷ್ಟು ನಕ್ಕರು. ಮಕ್ಬುಲಸಾಬ ಒಳಗೆ ಬಗ್ಗಿ ಕೊಂಡಿಯನ್ನು ಬುಡಸಮೇತ ಕತ್ತರಿಸಿದ. ಕೈ ಇಳಿಯಿತು.

ಚಾವಿಯಿಂದ ಕಾಯಿಲ್‌ವರೆಗೆ ಎಲ್ಲಿಯೂ ಜೋಡಿಲ್ಲದ ಒಂದೇ ಹೊಸ ವೈರು ಎಳೆದ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಉಜ್ಜಿದ, ಪ್ಲಗ್ಗಿನ ವೈರು ಬದಲಿಸಿದ, ಹೊಸ ಬ್ಯಾಟರಿ ಕೂಡಿಸಿದ. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿದ್ದ ಮುಳ್ಳು ಇಳಿದಂತಾಗಿ ಕೆಲಸದುದ್ದಕ್ಕೂ ಸೀಟಿ ಹೊಡೆದ. ಹಳೆ ವೈರುಗಳನ್ನೆಲ್ಲ ಅಂಗಳದ ಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿ ಹಚ್ಚಿದ. ರಬ್ಬರು ಸುಟ್ಟು ತಾಮ್ರ ತೆಗೆಯುವುದು ಅವನ ಅಂಗಡಿಯ ರೂಢಿ. ಕುಬೇರಪ್ಪನ ಕಣ್ಣಿಂದ ನೀರಿಳಿದಾಗ ಭೀಮಕ್ಕ, "ಹೊಗಿ ಹತ್ತಾಕತ್ತೈತಿ," ಎಂದು ಕುರ್ಚಿಯನ್ನು ಆಚೆ ಸರಿಸಿದಳು.

ಇಳಿಹೊತ್ತಿಗೆ ಇಬ್ಬರೂ ಸೇರಿ ಅವನನ್ನು ಸ್ಟೇರಿಂಗಿನ ಮುಂದೆ ಕೂಡಿಸಿದರು. ಮಕ್ಬುಲಸಾಬ ಕಿಟಕಿಯಿಂದ ಕೈಹಾಕಿ ಚಾವಿ ತಿರುವಿದ. ಗಾಡಿ ಒಂದೇ ಸಲಕ್ಕೆ ಎದ್ದಿತು.

"ನೋಡಿದ್ಯಾ? ಇನ್ನ ನಮ್ಮ ತಂಗೆವ್ವ ಸೈತ ಚಾಲೂ ಮಾಡ್ತಾಳ!"

ಆಗ ಕುಬೇರಪ್ಪನ ಎಡಗೈ ಮೆಲ್ಲಗೆ ಎದ್ದಿತು. ಭೀಮಕ್ಕ ಕಿಟಕಿಗೆ ಬಾಗಿದಳು. ಕೈ ಸ್ಟೇರಿಂಗನ್ನು ಹಿಡಿಯಲಿಲ್ಲ, ಗೇರನ್ನು ಹಿಡಿಯಲಿಲ್ಲ. ಹೆಬ್ಬೆರಳು, ತೋರುಬೆರಳು ಕೂಡಿಸಿಕೊಂಡು ಡ್ಯಾಶ್‌ಬೋರ್ಡಿನ ಕೆಳಗೆ ಹೋಯಿತು. ಅಲ್ಲಿ ನುಣ್ಣಗೆ ಟೇಪು ಸುತ್ತಿದ ವೈರಿನ ಕಟ್ಟು ಬಿಟ್ಟರೆ ಏನೂ ಇರಲಿಲ್ಲ. ಬೆರಳುಗಳು ಅತ್ತ ತಡಕಿದವು, ಇತ್ತ ತಡಕಿದವು, ಕತ್ತಲಲ್ಲಿ ಬಾಗಿಲ ಚಿಲಕ ಹುಡುಕುವವರ ಹಾಗೆ. ಇಂಜಿನ್ನು ಗುರುಗುಡುತ್ತಲೇ ಇತ್ತು. ಕೈ ಬರಿದೆ ಹೊರಗೆ ಬಂದು ತೊಡೆಯ ಮೇಲೆ ಬಿತ್ತು.

ಮಕ್ಬುಲಸಾಬ ಚಾವಿ ತಿರುವಿ ಇಂಜಿನ್ನು ಆರಿಸಿದ. ಮುಂಜಾನೆ ಗಾಳಿಯಲ್ಲಿ ಆಡಿದ ಆ ಚಿಟಿಕೆ ನಶ್ಯದ ಚಿಟಿಕೆ ಆಗಿರಲಿಲ್ಲ.

ಅಂದು ಊಟಕ್ಕೆ ಕುಳಿತಾಗ ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡಿದ್ದ. ಹೆಂಡತಿ ಹುಸೇನಬೀ ಎಲ್ಲ ಕೇಳಿಸಿಕೊಂಡಳು.

"ಅವನ ಛಲೋದಕ್ಕ ಅಂತನ ಮಾಡಿದ್ನಲ್ಲ," ಎಂದ.

"ಛಲೋದಕ್ಕ ಅಂತೀರಿ. ಬಾಯಿ ಇದ್ದಾಗ ಜನಮ ಪೂರ್ತಿ ಬ್ಯಾಡ ಅಂದ ಮನಶ್ಯಾ, ಬಾಯಿ ಹೋದಮ್ಯಾಲ ಬೇಕು ಅಂದ್ನೇನು? ಉಳಿದ ವೈರು ಹಾಕಿ ಅದೊಂದು ಬಿಟ್ಟಿದ್ರ ಏನಾಗ್ತಿತ್ತು?"

ಏನೂ ಆಗುತ್ತಿರಲಿಲ್ಲ. ಅದೇ ಅವನನ್ನು ಕೊರೆಯತೊಡಗಿದ್ದು.

ಬೆಳಗಾದೊಡನೆ ಅಂಗಡಿಗೆ ಹೋಗಿ, ಹಿಂದಿನ ದಿನ ತಂದಿಟ್ಟಿದ್ದ ಸುಟ್ಟ ತಾಮ್ರದ ಉಂಡೆಯನ್ನು ಬಿಚ್ಚಲು ಕುಳಿತ. ಎಳೆದ ಎಳೆಯೆಲ್ಲ ಪಟಪಟನೆ ಮುರಿಯಿತು. ಎಲ್ಲವೂ ಒಂದೇ ಕಪ್ಪು. ಅದರಲ್ಲಿ ಕೊಂಡಿ ಯಾವುದು, ಬೇರೆ ಯಾವುದು? ಗೊತ್ತಾಗಲಿಲ್ಲ. ಮುಖ ತೊಳೆದುಕೊಂಡು, ದಾರಿಯಲ್ಲಿ ಒಂದು ಡಬ್ಬಿ ನಶ್ಯ ಕೊಂಡು, ಗೆಳೆಯನ ಮನೆಗೆ ನಡೆದ.

"ನಿನ್ನೆ ಗಾಡಿಯಿಂದ ಇಳಿಸಿದ ಮ್ಯಾಲ ಕೈ ಮತ್ತ ಎತ್ತಲಿಲ್ಲಣ್ಣಾ," ಎಂದಳು ಭೀಮಕ್ಕ. "ನಶ್ಯಾ ತೋರಿಸಿದೆ. ಮಾರಿ ಹೊಳ್ಳಿಸಿದ್ರು."

ಮಕ್ಬುಲಸಾಬ ಗಾಡಿಯೊಳಗೆ ಬಗ್ಗಿದ. ಸರಿಯಿದ್ದ ವೈರನ್ನು ಅವನು ಕತ್ತರಿಸಿದ್ದು ಜೀವಮಾನದಲ್ಲಿ ಅದೇ ಮೊದಲು. ತಾನೇ ಎಳೆದ ಹೊಸ ವೈರನ್ನು ಹಳೆಯ ಜಾಗದಲ್ಲೇ ತುಂಡು ಮಾಡಿ, ಒಂದು ತುದಿಗೆ ಬಳೆ, ಇನ್ನೊಂದಕ್ಕೆ ಕೊಕ್ಕೆ ಬಾಗಿಸಿದ. ನೆನಪಿದ್ದಷ್ಟು ಹಾಗೆಯೇ. ಮೇಲೆ ನಶ್ಯ ತಿಕ್ಕಿದ. ಕೊಂಡಿ ಸಿಗಿಸಿ, ಕುಬೇರಪ್ಪನನ್ನು ಎತ್ತಿ ತಂದು ಕೂಡಿಸಿದ. ಅವನ ಕೈ ಹಿಡಿದು ಮೆಲ್ಲಗೆ ಕೆಳಗೆ ಒಯ್ದು ಬಿಟ್ಟ.

ಬೆರಳುಗಳು ಕೊಂಡಿಯನ್ನು ಮುಟ್ಟಿದವು. ನಿಂತವು. ಒಂದು ಸುತ್ತು ಸವರಿದವು. ಆಮೇಲೆ ಕೈ ತಾನಾಗಿ ಮೇಲೆ ಬಂದು ಮೂಗಿನ ಹತ್ತಿರ ಹೋಯಿತು. ಕುಬೇರಪ್ಪ ಮೂಸಿದ, ಗೆಳೆಯನ ಮುಖ ನೋಡಿದ. ಅವನ ಅರ್ಧ ಮುಖ ನಕ್ಕಿತು. ಮಣ್ಣಿನ ರೊಟ್ಟಿ ತಟ್ಟಿ ತಂದುಕೊಟ್ಟ ಕೂಸಿಗೆ ದೊಡ್ಡವರು ನಗುತ್ತಾರಲ್ಲ, ಹಾಗೆ.

"ಲೇ, ತಪ್ಪಾತೋ," ಎಂದ ಮಕ್ಬುಲಸಾಬ.

ಕೈ ಮತ್ತೊಮ್ಮೆ ಕೆಳಗೆ ಹೋಯಿತು. ಈ ಸಲ ತಡಕಲಿಲ್ಲ. ಟಿಕ್ ಎಂದು ಸಣ್ಣಗೆ ಸದ್ದಾಯಿತು.

"ಮಾಡಿದ್ರು! ತಾವ ಮಾಡಿದ್ರು ನೋಡಣ್ಣಾ!" ಭೀಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ನಾ ಹೇಳಿದ್ದಿಲ್ಲೇನು, ಕುಂತ್ರ ಕೈ ತಾನ ಏಳತೈತಿ ಅಂತ? ಹ್ಞಾಂ, ತಿರುವು ಚಾವಿ, ತಿರುವು!"

ಮಕ್ಬುಲಸಾಬ ಚಾವಿಗೆ ಕೈಹಾಕಲಿಲ್ಲ. ತಿರುವಿದರೂ ಗಾಡಿ ಏಳದೆಂದು ಅವನಿಗೆ ಗೊತ್ತಿತ್ತು. ಕುಬೇರಪ್ಪ ಸಿಗಿಸಿರಲಿಲ್ಲ, ಬಿಚ್ಚಿದ್ದ. ಸಂಜೆ ಮನೆ ಮುಂದೆ ಗಾಡಿ ನಿಲ್ಲಿಸಿ ಇಳಿಯುವ ಮುಂಚೆ ಬಿಚ್ಚುತ್ತಿದ್ದ ಹಾಗೆ.

"ಇವತ್ತ ಸಾಕು ತಂಗೆವ್ವ," ಎಂದ. "ದಣದಾನ. ಇಳಿಸೋಣು."