ಗ್ಯಾಸ್ ಒಲೆಯ ಮನೆಯ ಕೂಸು

ಕಪ್ಪು ಚುಕ್ಕೆ, ಕಸವಿರಬೇಕು, ಸೂಕ್ಷ್ಮದರ್ಶಕದ ಮಸೂರದ ಮೇಲೆ ಕೂತಿರಬೇಕು, ಮೃಣ್ಮಯಿ ಒರೆಸಿ ಮತ್ತೆ ಕಣ್ಣಿಡುತ್ತಾಳೆ — ಇದೆ, ಮಸೂರದ ಮೇಲಲ್ಲ, ಕೂಸಿನ ಎದೆಯಿಂದ ತೆಗೆದ ಹನಿಯಲ್ಲಿರುವ ಜೀವಕಣದ ಹೊಟ್ಟೆಯೊಳಗೇ ಇದೆ, ಒಂದಲ್ಲ, ಎಳ್ಳು ಚೆಲ್ಲಿದ ಹಾಗೆ, ಎಲಾ ಇದರ, ಗ್ಯಾಸ್ ಒಲೆಯ ಮನೆಯ ಕೂಸಿನ ಎದೆಯಲ್ಲಿ ಮಸಿ ಎಲ್ಲಿಂದ ಬಂತು? ಶ್ವಾಸಕೋಶದ ಈ ಕಾವಲು ಕಣಗಳೆಂದರೆ ಅವಳಿಗೆ ಮೊದಲಿನಿಂದಲೂ ಮೋಹ, ಬಸಿರೊಳಗಿರುವಾಗ ಇವುಗಳ ಸುಳಿವೇ ಇರುವುದಿಲ್ಲ ಅನ್ನಬೇಕು, ಕೂಸು ಹುಟ್ಟಿ, ಅತ್ತು, ಗಾಳಿ ಎಳೆದುಕೊಂಡಿತೋ ಇಲ್ಲವೋ ಬಂದು ಬಿಡಾರ ಹೂಡುತ್ತವೆ, ಧೂಳು, ರೋಗಾಣು, ಸಿಕ್ಕಿದ್ದನ್ನೆಲ್ಲ ನುಂಗುತ್ತವೆ, ಯಾರು ಕರೆದರು, ಯಾರು ದಾರಿ ತೋರಿಸಿದರು, ಇದನ್ನೇ ಯೋಚಿಸುತ್ತ ಮಿರಜದ ಬಸ್ಸಿನಲ್ಲಿ ಎಷ್ಟು ಸಲ ಇಳಿಯುವ ನಿಲ್ದಾಣ ತಪ್ಪಿಸಿಕೊಂಡಿದ್ದಾಳೋ — ಹೊಟ್ಟೆ ತುಂಬ ಮಸಿ ನುಂಗಿ ಕೂತ ಕಾವಲುಗಾರನಿಗೆ ರೋಗಾಣು ನುಂಗಲು ಜಾಗವೆಲ್ಲಿ, ಅದಕ್ಕೇ ಸೌದೆ ಒಲೆಯ ಮನೆಯ ಕೂಸುಗಳು ಒಂದು ಕಡೆ, ಗ್ಯಾಸಿನ ಮನೆಯವು ಇನ್ನೊಂದು ಕಡೆ ಎಂದು ತನ್ನ ಸಂಶೋಧನೆಗೆ ವಿಂಗಡಿಸಿದ್ದು, ಈಗ ನೋಡಿದರೆ ಈ ಕೂಸು ಎಲ್ಲಾ ಲೆಕ್ಕ ತಲೆಕೆಳಗು ಮಾಡಿದೆ, ಸಿಟ್ಟು ಬರಬೇಕಿತ್ತು, ಖುಷಿಯಾಗುತ್ತಿದೆ, ಏನೋ ಇದೆ ಇಲ್ಲಿ.

ವಾರ್ಡಿನಲ್ಲಿ ಅದೇ ಕೂಸು ಕೊಳವೆಯಿಂದ ಉಸಿರಾಡುತ್ತಿದೆ, ಪಕ್ಕೆಯ ಕೆಳಗೆ ಉಸಿರಿಗೊಮ್ಮೆ ಗುಳಿ ಬೀಳುತ್ತದೆ, ಬೆರಳಲ್ಲಿ ಒತ್ತಿದ ಹಿಟ್ಟಿನ ಹಾಗೆ, ಬಾಗಿಲಲ್ಲಿ ಅದರ ತಾಯಿ ಜಯಶ್ರೀ, ಸೆರಗು ಬಾಯಿಗಿಟ್ಟುಕೊಂಡು — ಅದೇ ಅದೇ ಎಷ್ಟು ಸಲ ಕೇಳ್ತೀರಿ ಮ್ಯಾಡಮ್, ಹೊಗೆ ಎಲ್ಲಿಂದ ಬರ್ಬೇಕು, ಎರಡೆರಡು ಸಿಲಿಂಡರ್ ಇದೆ, ಗಂಡಸ್ರು ತಂಬಾಕು ಅಗೀತಾರೆ, ಬೀಡಿ ಮುಟ್ಟಲ್ಲ, ಊದುಬತ್ತಿ ಸೈತ ಆ ಕೋಣೇಲಿ ಹಚ್ಚಲ್ಲ, ನನ್ನ ಮಗು ಉಳಿಯುತ್ತಾ ಅದನ್ನ ಹೇಳಿ. ಮೃಣ್ಮಯಿ ಕೂಸಿನ ಕೊಳವೆ ಸರಿಪಡಿಸುತ್ತಾಳೆ, ತಾಯಿಯ ಮಾತು ನಂಬದಿರಲು ಬರುವುದಿಲ್ಲ, ಸುಳ್ಳು ಹೇಳುವ ಮುಖವಲ್ಲ ಅದು, ಹಾಗಾದರೆ ಪಕ್ಕದ ಮನೆಯೋ, ಇಟ್ಟಿಗೆ ಭಟ್ಟಿಯೋ, ಅಷ್ಟರಲ್ಲಿ ಫೋನು, ಸಾಂಗ್ಲಿಯಿಂದ ಅವಳ ತಾಯಿ, ಆಯಿ, ತಂಗಿ ಗಾರ್ಗಿಯ ಬಾಣಂತನ ಶುರುವಾದ ಮೇಲೆ ದಿನಾ ಈ ಹೊತ್ತಿಗೆ ಮುಖ ತೋರಿಸುವ ಕರೆ — ಏನೇ, ಅಳವಿ ಲಾಡು ಕಳಿಸಿದ್ನಲ್ಲ, ತಿಂದ್ಯಾ, ಬಾಣಂತಿ ಆಗ್ದಿದ್ರೂ ತಿನ್ನಬಹುದು ಕಣೇ, ಯಾರೂ ಬೈಯಲ್ಲ, ಇಲ್ನೋಡು ನಮ್ಮ ರಾಜಾನ, ತಿಂಗಳು ತುಂಬೋ ಮೊದ್ಲೇ ಬಂದ ಅವಸರದ ಮನುಷ್ಯ, ಎಣ್ಣೆ ಆಯ್ತು, ಸ್ನಾನ ಆಯ್ತು, ಈಗ ಧೂರಿ ಹಾಕ್ತಿದೀನಿ. ತೊಟ್ಟಿಲ ಕೆಳಗೆ ಕೆಂಡ, ಅದರ ಮೇಲೆ ಓಮ, ಬೆಳ್ಳುಳ್ಳಿ ಸಿಪ್ಪೆ, ಚಿಟಿಕೆ ಲೋಬಾನ, ಕಿಟಕಿ ಮುಚ್ಚಿದ ಕೋಣೆ, ಆಹಾ, ಆ ವಾಸನೆ ಇಲ್ಲಿಗೇ ಬಂದಂತಾಯಿತು, ಬಾಣಂತಿ ಕೋಣೆಯ ವಾಸನೆ, ಚಿಕ್ಕಂದಿನಲ್ಲಿ ಗಾರ್ಗಿಯ ತಲೆಗೆ ಮೂಗಿಟ್ಟರೆ ಇದೇ — ತೆರೆಯ ಮೇಲೆ ಆಯಿಯ ಮುಖ ಮಸುಕಾಗುತ್ತದೆ, ಯಾಕೆ ಮಸುಕಾಗಬೇಕು —

ಅಯ್ಯೋ. ಜಯಶ್ರೀ, ಇಲ್ಲಿ ಬನ್ನಿ, ಕೂಸಿಗೆ ಧೂರಿ ಕೊಡ್ತೀರಾ? ಕೊಡ್ದೆ ಇರ್ತೀವಾ ಮ್ಯಾಡಮ್, ನಮ್ಮತ್ತೆ ಎರಡೂ ಹೊತ್ತು ಕೊಡ್ತಾರೆ, ಆದ್ರೆ ನೀವು ಹೊಗೆ ಅಲ್ವಾ ಕೇಳಿದ್ದು? ಹೌದು, ಹೊಗೆಯನ್ನೇ ಕೇಳಿದ್ದು, ಮನೆಮನೆಗೆ ಹೋಗಿ ಒಲೆಯನ್ನು ಬಗ್ಗಿ ನೋಡಿದ್ದಾಳೆ, ತೊಟ್ಟಿಲ ಕೆಳಗೆ ನೋಡಲಿಲ್ಲ, ಅವಳನ್ನೇ ಯಾರಾದರೂ ಕೇಳಿದ್ದರೆ ನಮ್ಮ ಮನೆಯಲ್ಲಿ ಹೊಗೆಯಿಲ್ಲ ಎಂದೇ ಹೇಳುತ್ತಿದ್ದಳು, ಧೂರಿ ಎಂದರೆ ಮದ್ದು, ಮಮತೆ, ಅದಕ್ಕೆ ಹೊಗೆ ಎನ್ನುವವರು ಯಾರು, ಎಂಥಾ ಪೆದ್ದು ನಾನು — ಆಯಿ, ಧೂರಿ ತೆಗಿ, ಮೊದಲು ಕಿಟಕಿ ತೆಗಿ, ಕೂಸನ್ನ ಅಂಗಳಕ್ಕೆ ಒಯ್ಯಿ. ಶುರುವಾಯ್ತು ಇವಳ ಡಾಕ್ಟರಿಕೆ, ನಿನಗೂ ಇದೇ ಧೂರಿ ಕೊಟ್ಟು ಬೆಳೆಸಿದ್ದು, ಏನಾಗಿದೆ ನಿನಗೆ, ಕಲ್ಲುಗುಂಡಿನ ಹಾಗಿದೀಯ. ಹೌದಲ್ಲ, ನನಗೇನೂ ಆಗಲಿಲ್ಲ, ಯಾಕೆ ಆಗಲಿಲ್ಲ, ತಿಂಗಳು ತುಂಬಿ ಹುಟ್ಟಿದ್ದಕ್ಕೋ, ಕಾವಲುಗಾರರು ಮೊದಲೇ ಬಂದು ಕೂತಿದ್ದರೋ, ರಾಜಾನ ಎದೆಯಿಂದ ಒಂದು ಹನಿ ಸಿಕ್ಕರೆ — ಛೀ, ಏನು ಯೋಚಿಸುತ್ತಿದ್ದೀ ನೀನು, ಅವನು ನಿನ್ನ ತಂಗಿಯ ಮಗ. ಅಕ್ಕಾ, ಎರಡು ದಿನದಿಂದ ಇವನು ಮೊಲೆ ಸರಿಯಾಗಿ ಹಿಡೀತಿಲ್ಲ, ಗಾರ್ಗಿಯ ದನಿ, ಆಯಿ ದೃಷ್ಟಿ ಅಂತಾಳೆ, ಅದಕ್ಕೇ ಇವತ್ತು ಧೂರಿ ಜಾಸ್ತಿ. ಗಾರ್ಗಿ, ಅವನ ಅಂಗಿ ಎತ್ತು, ಫೋನು ಹತ್ತಿರ ಹಿಡಿ, ಇನ್ನೂ ಹತ್ತಿರ, ಅಲುಗಾಡಿಸಬೇಡ — ಮಸುಕು ಸರಿಯುತ್ತಿದೆ, ಎಣ್ಣೆ ಹಚ್ಚಿದ ಪುಟ್ಟ ಹೊಟ್ಟೆ, ಪಕ್ಕೆ, ಪಕ್ಕೆಯ ಕೆಳಗೆ, ಬೆಳಕೋ ನೆರಳೋ, ತಡಿ, ಇನ್ನೊಂದು ಉಸಿರು ತಗೊಳ್ಳಲಿ — ಗುಳಿ. ಮತ್ತೆ ಗುಳಿ.